ಮುನ್ನೂರೇ ಪ್ರತಿ

ವೂಚ್ ಪಟ್ಟಣದ ಹಳೆಯ ಹತ್ತಿಗಿರಣಿಯ ಮೂರನೇ ಮಹಡಿ.
ಮಗ್ಗಗಳು ಎಂದೋ ಹೋದವು, ಅವು ನಿಂತ ಜಾಗದಲ್ಲಿ
ನೆಲದ ಹಲಗೆಗೆ ನಾಲ್ಕು ನಾಲ್ಕು ತೂತು.
ಅಲ್ಲಿಗೇ ಕುರ್ಚಿ ಎಳೆದು ಕೂತಿದ್ದೇವೆ ನಾನು, ಬೊಗ್ನಾ,
ನಿನ್ನೆಯ ಕಾಫಿ, ಅಂಟು, ಒಂದು ರಬ್ಬರ್ ಮೊಹರು.

ಹೊಸ ರೆಕಾರ್ಡು ಬಂದಿವೆ,
ಆರು ವಾರ ತಡವಾಗಿ ಆರು ಪೆಟ್ಟಿಗೆ,
ಒಂದರ ಮೂಲೆ ಜಜ್ಜಿದೆ.
ಒಂದೊಂದರಲ್ಲೂ ನಾಲ್ಕು ಹಾಡು:
ಎರಡು ಫಂಕು, ಒಂದು ಡಿಸ್ಕೊ, ಉಳಿದದ್ದಕ್ಕೆ
ಏನೆನ್ನಬೇಕೋ ಬೊಗ್ನಾಗೂ ತಿಳಿಯದು.
"ಮೊದಲು ಕುಣಿಯಲಿ, ಆಮೇಲೆ ನಾಮಕರಣ" ಅನ್ನುತ್ತಾಳೆ.
ಎಲ್ಲ ಮಾರಿದರೆ ಬಾಡಿಗೆ ಹುಟ್ಟುತ್ತದೆ,
ಮುಂದಿನದಕ್ಕೆ ಅರ್ಧ ದುಡ್ಡು.

ಮುನ್ನೂರೇ ಪ್ರತಿ. ಒಂದೊಂದು ಕವಚಕ್ಕೂ
ನಾನೇ ಮೊಹರೊತ್ತಬೇಕು:
ಒಂದು ಲಾಳಿ, ಅದರ ಕೆಳಗೆ ಕೈಬರಹದ ಅಂಕಿ.
ನಲವತ್ತರ ತನಕ ನೆಟ್ಟಗೆ ಬಂತು.
ಅಷ್ಟರಲ್ಲಿ ಬೊಗ್ನಾ ಮುಳ್ಳಿಟ್ಟಳು,
ಬೇಸ್ ಶುರುವಾಯಿತು,
ನನ್ನ ಕೈ ನನ್ನ ಮಾತು ಕೇಳಲಿಲ್ಲ.
ನಲವತ್ತೊಂದರಿಂದ ಲಾಳಿಗಳೆಲ್ಲ ಓರೆ.
ಕೊಂಡವರು ಬೈದರೆ ಬೈಯಲಿ.

ಆ ಬೇಸ್ ಇರೆನೆವುಶ್‌ನದು,
ಸಂಜೆ ಪಾಳಿಯ ಟ್ರಾಮು ಚಾಲಕ,
ಐವತ್ತೆಂಟು ವಯಸ್ಸು, ಬದನೆಕಾಯಿಯಂಥ ಬೆರಳು.
ಮುದ್ರಣದ ದಿನ ಮೇಲಂಗಿ ಬಿಚ್ಚಲೇ ಇಲ್ಲ.
ಮೂರು ಪೆಟ್ಟು ನುಡಿಸಿದ, ನಾಲ್ಕನೆಯದನ್ನು ಬಿಟ್ಟ.
ಮತ್ತೆ ಮೂರು, ಮತ್ತೆ ಬಿಟ್ಟ.
"ಅದೆಲ್ಲಿ?" ಎಂದಳು ಬೊಗ್ನಾ.
"ಕೇಳುವವರು ಹಾಕಿಕೊಳ್ಳಲಿ, ಎಲ್ಲ ನಾನೇ ಮಾಡಲೇನು?"

ಸಿಂಥ್ ನುಡಿಸಿದ ಯಗೋದಾಳಿಗೆ ದಿನವೆಲ್ಲ
ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ.
ಚಪ್ಪಾಳೆ ತಟ್ಟಿದ್ದು ನಾನು, ಬೊಗ್ನಾ,
ಮತ್ತೆ ಹೀಟರು ರಿಪೇರಿಗೆ ಬಂದವನು.
ಕವಚದ ಬೆನ್ನಿಗೆ ಅವನ ಹೆಸರೂ ಇದೆ, ಕಾಗುಣಿತ ತಪ್ಪು.

ಬಿಡುಗಡೆ ಶನಿವಾರ, ಗಿರಣಿಯ ನೆಲಮಾಳಿಗೆಯಲ್ಲಿ.
ಅರವತ್ತು ಜನ ಹಿಡಿಸುವಲ್ಲಿ ತೊಂಬತ್ತು.
ಬಾಡಿಗೆಯ ಕನ್ನಡಿ ಚೆಂಡು ಒಂದು ಪಕ್ಕ ಬೋಳು,
ಸುತ್ತಿಗೊಮ್ಮೆ ಅಂಗೈಯಗಲ ಕತ್ತಲೆ
ಎಲ್ಲರ ಮುಖದ ಮೇಲೂ ಹಾದುಹೋಗುತ್ತಿತ್ತು.
ಯಾರದೋ ಚಪ್ಪಲಿ ಹಿಮ್ಮಡಿ ಕಿತ್ತು ಬಂತು.
ಇರೆನೆವುಶ್ ಬರಲಿಲ್ಲ. ಪಾಳಿ.

ಹನ್ನೊಂದೂವರೆಗೆ ಕೊನೆಯ ಟ್ರಾಮು.
ಒಂದನೇ ನಂಬರಿನ ಪ್ರತಿ, ಲಾಳಿ ನೆಟ್ಟಗಿರುವುದು,
ಕಂಕುಳಲ್ಲಿ ಅವುಚಿ ನಿಲ್ದಾಣದಲ್ಲಿ ನಿಂತೆ.
ಆರದ ಬೆವರಿಗೆ ಫೆಬ್ರವರಿಯ ಗಾಳಿ.
ಖಾಲಿ ಗಾಡಿ ಬಂತು, ಬಾಗಿಲು ಉಸ್ಸೆಂದಿತು.
ಕೊಟ್ಟೆ. ತಿರುಗಿಸಿ ನೋಡಿದ, ಮೂಸಿದ.
"ಹಾಕಿ ಕೇಳಲು ಮನೆಯಲ್ಲಿ ಯಂತ್ರವಿಲ್ಲ" ಎಂದ.
ಸ್ವಲ್ಪ ತಡೆದು, "ಮೂರನೆಯ ಹಾಡು ಒಂದು ಕೂದಲೆಳೆ ನಿಧಾನ."
ಗಾಜಿಗೂ ಬುತ್ತಿಯ ಡಬ್ಬಿಗೂ ನಡುವೆ ಅದನ್ನು ನಿಲ್ಲಿಸಿ
ಹೊರಟ.

ತಿರುವಿನಲ್ಲಿ, ಹಳಿಗೆ ಹಳಿ ಕೂಡುವಲ್ಲಿ,
ಗಾಲಿಗಳು ಧಡ್ ಎಂದವು,
ಧಡ್,
ಮತ್ತೆ ಧಡ್.
ನಡುರಸ್ತೆಯಲ್ಲಿ ನಾನೊಬ್ಬಳೇ
ಮೊಣಕಾಲು ಮಡಿಸಿ
ಉಳಿದದ್ದನ್ನು ಹಾಕಿಕೊಂಡೆ.