ಹದಿನಾಲ್ಕನೇ ನಂಬರಿನ ನೊಣ

ಲಿಂಗರಾಜಪುರ, ರೈಲು ಹಳಿಯ ಆಚೆಗೊಂದು ಶೀಟಿನ ಸೂರು.
ಉದ್ದನೆ ಮೇಜು, ಆರು ಟ್ಯೂಬ್‌ಲೈಟು, ಒಂಬತ್ತು ಜನ ಹೆಂಗಸರು.
ನಾವು ನೊಣ ಕಟ್ಟುತ್ತೇವೆ.
ಮೊದಲ ದಿನ ನಮ್ಮತ್ತೆ ಬಿದ್ದು ಬಿದ್ದು ನಕ್ಕಿದ್ದರು:
‘ಕೆಲಸವಿಲ್ಲದೋರು ನೊಣ ಹೊಡೀತಾರೆ,
ಇವಳು ಕಟ್ಟೋಕೆ ಹೊರಟಳು ನೋಡಿ!’

ಕೊಕ್ಕೆ, ಅಕ್ಕಿಕಾಳಿಗಿಂತ ತುಸುವೇ ಉದ್ದ.
ಇಕ್ಕಳದ ಬಾಯಿಗೆ ಕೊಟ್ಟು, ಮೇಣದ ದಾರ ಸುತ್ತಿ,
ಮೊಲದ ಕಿವಿಯ ತುಪ್ಪಳ ಹೊಸೆದು ಮೈ ಮಾಡಬೇಕು.
ಕೊನೆಗೆ ಹುಂಜದ ಕುತ್ತಿಗೆಯ ಗರಿ,
ಎರಡು ಸುತ್ತು. ಮೂರಲ್ಲ.
ಮೂರಾದರೆ ನೊಣ ಕೊಬ್ಬಿದ ಹಾಗೆ ಕಾಣುತ್ತದಂತೆ,
ಆ ಮೀನು ಹತ್ತಿರ ಬಂದು, ನೋಡಿ, ಮುಖ ತಿರುವುತ್ತದಂತೆ.
ಡಜನ್ನಿಗೆ ಹದಿನೆಂಟು ರೂಪಾಯಿ.

ಆ ಮೀನು ಅಂದರೆ ಟ್ರೌಟು.
ಬೆಟ್ಟದ ಹೊಳೆಯದು, ಕೊರೆಯುವ ನೀರಲ್ಲೇ ಬದುಕುವುದು,
ಪಕ್ಕೆ ತುಂಬ ಕೆಂಪು ಚುಕ್ಕಿ,
ಅಮ್ಮ ಆದ ಮಗುವಿನ ಬೆನ್ನಿನ ಹಾಗೆ.
ಹೇಳಿದವರು ಡೆಸ್ಮಂಡ್ ಸಾರ್, ಹುಡುಗರಾಗಿದ್ದಾಗ
ನೀಲಗಿರಿಯಲ್ಲಿ ಅಪ್ಪನ ಜೊತೆ ನಡುಮಟ್ಟ ನೀರಲ್ಲಿ ನಿಂತವರು.
ನಾನು ನೋಡಿದ್ದು ಗೋಡೆಯ ಕ್ಯಾಲೆಂಡರಲ್ಲಿ,
ಅದೂ ಹಲ್ಲಿ ಅರ್ಧ ಮುಚ್ಚಿಕೊಂಡು ಕೂತಿದ್ದಾಗ.

ಆಷಾಢದಲ್ಲಿ ಆರ್ಡರು ಬರುತ್ತದೆ,
ಪಿತೃಪಕ್ಷದೊಳಗೆ ಡಬ್ಬಿಗಳು ವಿಮಾನ ಹತ್ತಬೇಕು.
ಅಲ್ಲಿ ಆಗ ಎಲೆ ಉದುರುವ ಕಾಲ,
ಹೊಳೆ ಇಳಿದು ಕನ್ನಡಿಯಾಗಿ
ಗಂಡು ಮೀನು ಸುಮ್ಮಸುಮ್ಮನೆ ರೇಗುವ ಕಾಲ.
ಇಲ್ಲಿ ಎಲೆ ಉದುರುವುದಿಲ್ಲ. ಸಂಜೆಗೆ ಒಂದಿಷ್ಟು ಚಳಿ,
ಗಾಡಿಯಲ್ಲಿ ರಾಶಿ ಬೂದುಗುಂಬಳ.

ಆಯುಧಪೂಜೆಗೆ ಒಂಬತ್ತು ಇಕ್ಕಳಕ್ಕೂ ಕುಂಕುಮ ಇಟ್ಟೆವು.
ನೂರ್‌ಜಾನ್ ತನ್ನದಕ್ಕೆ ತಾನೇ ಸೇವಂತಿಗೆ ಸಿಕ್ಕಿಸಿದಳು.
ಪುರಿ ಕಡಲೆ ತಿಂದಾದ ಮೇಲೆ ಸಾರು
ಹಸಿರು ಬಟ್ಟೆಯ ಚೀಲ ಬಿಚ್ಚಿ ಕೋಲು ತೆಗೆದರು.
ಅಂಗಳದ ಆ ಕೊನೆಗೆ ಬಕೆಟ್ಟಿನ ಮುಚ್ಚಳ.
‘ಗಡಿಯಾರ ನೆನಪಿಟ್ಟುಕೊ, ಪುಟ್ಟತಾಯಿ,
ಹತ್ತರಿಂದ ಒಂದು ಗಂಟೆ. ಅದರಾಚೆ ಹೋದರೆ ದಾರ ಮುನಿಯುತ್ತೆ.’
ದಾರ ಹಿಂದೆ ಹೋಯಿತು, ತಡೆಯಿತು, ಮುಂದೆ ಹರಿಯಿತು.
ಎಪ್ಪತ್ತೊಂದರ ಕೈ ನಡುಗಲಿಲ್ಲ.
ಮುಚ್ಚಳದ ನಡುವೆ ನನ್ನ ನೊಣ ಸದ್ದಿಲ್ಲದೆ ಕೂತಿತು.

‘ಒಂದು ಸಲ ನೀರಿಗೆ ಹಾಕಿ ನೋಡಬೇಕು ಸಾರ್,’
ಅಂದುಬಿಟ್ಟೆ. ಯಾಕಂದೆನೋ.

ಭಾನುವಾರ ಬೆಳಿಗ್ಗೆ ಆಟೋ, ಕೆರೆ.
ಹೊಳೆಯಲ್ಲ. ಅಂತರಗಂಗೆ, ಒಂದು ಕಡೆ ನೊರೆ,
ತಲೆಕೆಳಗಾದ ಅಪಾರ್ಟ್‌ಮೆಂಟಿನ ಬಾಲ್ಕನಿಗಳ ಮೇಲೆ
ನೀರುಕಾಗೆ ರೆಕ್ಕೆ ಒಣಗಿಸುತ್ತಿತ್ತು.
ಮೂರು ಸಲ ನನ್ನ ದಾರ ಲಂಟಾನಕ್ಕೆ ಸಿಕ್ಕಿತು,
ಒಂದು ಸಲ ಸಾರಿನ ಟೋಪಿಗೆ.
ಒಳ್ಳೆಯ ನೊಣಗಳೆಲ್ಲ ಮುಗಿದವು.
ಉಳಿದದ್ದು ಹಳೆಯ ಪಾಂಡ್ಸ್ ಡಬ್ಬಿಯಲ್ಲಿ
ಲೆಕ್ಕದಿಂದ ಎತ್ತಿ ಎಸೆದದ್ದು, ಕೂಸು ಹಾಲುಣ್ಣುತ್ತಿದ್ದ ವರ್ಷ
ತೂಕಡಿಸುತ್ತಾ ಕಟ್ಟಿದ್ದು.

ಹತ್ತು. ಒಂದು. ಹತ್ತು.
ನೀರು ಬಾಯಿ ತೆರೆಯಿತು.

ಜಿಲೇಬಿ ಮೀನು. ಅಂಗೈಯಗಲ.
ಚುಕ್ಕಿಯಿಲ್ಲ, ಬೆಟ್ಟವಿಲ್ಲ, ಪಾಚಿಯ ವಾಸನೆ.
ಹದಿನೆಂಟು ವರ್ಷದಲ್ಲಿ ಮೊದಲ ಸಲ
ನಾನು ಕಟ್ಟಿದ್ದನ್ನು ಒಂದು ಬಾಯಿ ಕಚ್ಚಿದ್ದು ನೋಡಿದೆ.
ಮೀನು ನೋಡಲಿಲ್ಲ ನಾನು,
ತುಟಿಯಂಚಿನ ಗರಿ ನೋಡಿದೆ, ಎಣಿಸಿದೆ:
ಮೂರು ಸುತ್ತು.

ಸಾರಿಗೂ ತೋರಿಸಿದೆ. ಕನ್ನಡಕ ಒರೆಸಿ ನೋಡಿದರು.
‘ಇವನು ಓದಿಲ್ಲ ಬಿಡು,’ ಅಂದರು.
ಆಮೇಲೆ ತುಂಬ ಹೊತ್ತು ಮಾತಾಡಲಿಲ್ಲ.
ಕೈ ಒದ್ದೆ ಮಾಡಿಕೊಂಡು ಕೊಕ್ಕೆ ಬಿಡಿಸಿದೆ,
ಅಂಗೈಯಿಂದ ಅದು ಜಾರಿತು
ನೆನಪಾದ ಮಾತು ಮತ್ತೆ ಮರೆತ ಹಾಗೆ.

ಮನೆಯಲ್ಲಿ ಅತ್ತೆ ಹುಣಸೆಹಣ್ಣು ನೆನೆಹಾಕಿ ಕೂತಿದ್ದರು.
‘ಬರಿಗೈಯಾ?’
ಹುಳಿಗೆ ಬದನೆಕಾಯಿ ಹೆಚ್ಚಿದೆ.

ಸೋಮವಾರ ಮತ್ತೆ ಮೇಜು, ಟ್ಯೂಬ್‌ಲೈಟು,
ಎರಡೇ ಸುತ್ತು, ಎರಡೇ ಸುತ್ತು.
ಮಧ್ಯಾಹ್ನದ ಗೂಡ್ಸು ಹೋಗಿ ಮೇಜು ಅದುರುವಾಗ
ಡಜನ್ನಿಗೊಂದು
ಮೂರಾಗುತ್ತದೆ.