ಹದಿನೈದು ಕಿಲೋ

ಆಲೋರ್ ದ್ವೀಪದ ಈ ಪುಟ್ಟ ನಿಲ್ದಾಣದಲ್ಲಿ
ತಕ್ಕಡಿ ನನ್ನ ವಶ.
ಹದಿನೈದು ಕಿಲೋ ವಿಮಾನದ ಹೊಟ್ಟೆಗೆ, ಏಳು ಕಿಲೋ ಕೈಗೆ,
ಮಿಕ್ಕಿದ್ದಕ್ಕೆ ಕಿಲೋಗಿಷ್ಟೆಂದು ದುಡ್ಡು.
ಎರಡು ಪಂಖದ ಬಡಪಾಯಿ ಸಾರ್, ತಿಮಿಂಗಿಲವಲ್ಲ
ಎಂದು ದಿನಕ್ಕೆ ಹತ್ತು ಸಲ ನಗುತ್ತಲೇ ಹೇಳುತ್ತೇನೆ.

ಮುಳುಗುವವರನ್ನು ದೂರದಿಂದಲೇ ಗುರುತಿಸಬಹುದು.
ಹೆಣ ಹೊತ್ತವರ ಹಾಗೆ ಚೀಲಕ್ಕೆ ಇಬ್ಬಿಬ್ಬರು,
ಹಣೆಯ ಮೇಲೆ ಮಾಸ್ಕು ಒತ್ತಿದ ಕೆಂಪು ಗೆರೆ,
ಕಿವಿಯಲ್ಲಿನ್ನೂ ನೀರು ಕೂತು
ಕೇಳಿದ್ದಕ್ಕೆಲ್ಲ "ಆಂ?"

ಹೋದ ವರ್ಷ ಒಬ್ಬ, ಆರೂವರೆ ಅಡಿ ಆಳು,
ತೂಕ ತಪ್ಪಿಸಲು ಉರಿಬಿಸಿಲಲ್ಲಿ
ರಬ್ಬರು ಉಡುಪು ತೊಟ್ಟೇ ಬಂದ.
ಕೊರಳಿಗೆ ಉಸಿರಿನ ಕೊಳವೆ, ಕಂಕುಳಲ್ಲಿ ಈಜುರೆಕ್ಕೆ.
ಪೊಲೀಸ್ ಸೊಲೆಮಾನ್ ಗಾಬರಿಬಿದ್ದು
ಸೆಲ್ಯೂಟೇ ಹೊಡೆದುಬಿಟ್ಟ.

ಇವತ್ತು ಬಂದವನು ಲುಬೋರ್. ಚೆಕ್ ದೇಶದವನು.
ಅವರಿಗೆ ಕಡಲೇ ಇಲ್ಲವಂತೆ.
ತಕ್ಕಡಿ ಹದಿನೆಂಟೂವರೆ ಎಂದಿತು.
ಮಂಡಿಯೂರಿ ನೆಲದ ಮೇಲೆ ಚೀಲ ಬಿಚ್ಚಿದ.
ಚಾಕು ಕೆಳಗೇ ಇರಲಿ. ಟಾರ್ಚಿನ ಬ್ಯಾಟರಿ ತೆಗೆದು ಕೈಚೀಲಕ್ಕೆ.
ಉಸಿರು ಕೊಡುವ ಯಂತ್ರವನ್ನಂತೂ ಮಗುವಿನ ಹಾಗೆ
ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೇ ಇಟ್ಟುಕೊಂಡಿದ್ದ.
ಸೀಸದ ಗಟ್ಟಿ ಮಾತ್ರ ಯಾರ ಚೀಲದಲ್ಲೂ ಇರುವುದಿಲ್ಲ.
ಭಾರ ಎಲ್ಲ ಊರಲ್ಲೂ ಬಾಡಿಗೆಗೆ ಸಿಗುತ್ತದೆ
ಎನ್ನುತ್ತಾನೆ ದೋಣಿಯಲ್ಲಿ ದುಡಿಯುವ ನನ್ನ ತಮ್ಮ ಮೆಲ್ಕಿ.

ಒಂದರ ಮೇಲೊಂದು ಮೂರು ಅಂಗಿ ತೊಟ್ಟ.
ಬೂಟಿನ ಲಾಡಿ ಕಟ್ಟಿ ಹಾರ ಹಾಕಿಕೊಂಡ.
ಹದಿನಾರೂವರೆ.
ರಬ್ಬರು ಉಡುಪಿಗೆ ಹೆಬ್ಬೆರಳು ಒತ್ತಿದೆ, ನೀರು ಒಸರಿತು.
"ಇದರಲ್ಲಿ ಒಂದು ಕಿಲೋ ನಮ್ಮ ಕಡಲು, ಸಾರ್."
ಕಿವಿಯವರೆಗೂ ಕೆಂಪಾದ. ಹೊರಗೆ ಹೋಗಿ
ದೇವಕಣಗಿಲೆಯ ಬುಡಕ್ಕೆ ಹಿಂಡಿ ಬಂದ.

"ಕಡೆಯ ಸಲ ಮುಳುಗಿದ್ದು ಯಾವಾಗ?"
"ನಿನ್ನೆ... ಬೆಳಗ್ಗೆ," ಎಂದು ಗೋಡೆಗೆ ಹೇಳಿದ.
ಕಡಲಿಂದೆದ್ದು ನೇರ ಮುಗಿಲಿಗೆ ಹೋಗಬಾರದು,
ನಡುವೆ ಒಂದು ದಿನ ನೆಲದ ಮೇಲೆ ಸುಮ್ಮನೆ ಕೂರಬೇಕು,
ನೆತ್ತರಿಗೆ ಸೇರಿದ್ದು ನೆತ್ತರಿಂದ ಇಳಿಯಬೇಕು.
ಅದೂ ಮೆಲ್ಕಿಯ ಮಾತೇ.
ನನ್ನ ಫಾರಮಿನಲ್ಲಿ ಅದಕ್ಕೆ ಕಲಮಿಲ್ಲ.

ಇನ್ನು ಮುನ್ನೂರು ಗ್ರಾಂ. ಸಾಮಾನ್ಯವಾಗಿ ಬಿಡುತ್ತೇನೆ.
ಬಾಯಿ ತೆರೆಯುವಷ್ಟರಲ್ಲಿ
ಕಾಲುಚೀಲದೊಳಗಿಂದ ಏನೋ ತೆಗೆದು ಮುಂದಿಟ್ಟ:
ಮರದ ಕನ್ನಡಕ.
ಕೆತ್ತಿದ ಎರಡು ಬಟ್ಟಲಿಗೆ ಸೀಸೆಯ ಗಾಜು, ಸುತ್ತ ಮರದಂಟು,
ಪಟ್ಟಿಗೆ ಸೈಕಲ್ ಟ್ಯೂಬು.
ಪಂತಾರ್ ದಡದ ಹಳ್ಳಿಯಲ್ಲಿ ಕೊಂಡದ್ದಂತೆ.
"ಇದು ಇಲ್ಲೇ ಇರಲಿ. ನಿಮಗೆ."

ತಕ್ಕಡಿಯ ಮೇಲಿಟ್ಟು ನೋಡಿದೆ.
ಅದರ ಕಣ್ಣಿಗೆ ಬೀಳಲೇ ಇಲ್ಲ.

ಅಪ್ಪ ಇಂಥದ್ದೇ ಹಾಕಿಕೊಂಡು
ಒಂದೇ ಉಸಿರಿಗೆ ಹತ್ತು ಮಾರು ಇಳಿದು
ಬಿದಿರು ಕೂಳಿಯ ಮೇಲೆ ಕಲ್ಲು ಹೇರಿ ಬರುತ್ತಿದ್ದ.
ಕೊನೆಕೊನೆಗೆ ಕಿವಿ ಹೋಯಿತು,
ಕರೆಯಬೇಕಾದರೆ ಭುಜ ಮುಟ್ಟಬೇಕಿತ್ತು.
ವಿಮಾನ ಹತ್ತಿದ್ದು ಒಂದೇ ಸಲ, ಕುಪಾಂಗಿನ ಆಸ್ಪತ್ರೆಗೆ.
ಸಾಮಾನು ಎಂದು ಕೈಸನ್ನೆಯಲ್ಲಿ ಕೇಳಿದೆ.
ಎರಡೂ ಅಂಗೈ ತೋರಿಸಿ ನಕ್ಕ.
ಸೊನ್ನೆ ಅಂತ ನಾನೇ ಬರೆದೆ.
ವಾಪಸು ಬಂದದ್ದು ಹಡಗಿನಲ್ಲಿ.
ಆ ತೂಕ ನನ್ನ ಲೆಕ್ಕಕ್ಕೆ ಬರಲಿಲ್ಲ.

ಲುಬೋರನ ಕೊರಳಲ್ಲಿ ತೂಗುತ್ತಿದ್ದ ಎಡಗಾಲಿನ ಬೂಟಿಗೆ
ಕನ್ನಡಕ ತುರುಕಿದೆ. ಹಿಡಿಸಿತು.
"ಒಯ್ಯಿರಿ. ಗಾಜು ಸಡಿಲವಾದರೆ
ಎಲ್ಲಾದರೂ ಅಂಟು ಸಿಗುತ್ತದೆ."
ಹದಿನೈದು ಸರಿಯಾಗಿ ಎಂದು ಬರೆದು ಚೀಟಿ ಅಂಟಿಸಿದೆ.

ಮಧ್ಯಾಹ್ನ ನೋಡಿದರೆ, ಚೀಲ ಇಟ್ಟಿದ್ದ ಕಡೆ
ತಕ್ಕಡಿಯ ಮೇಲೆ ಬಿಳಿ ಪೊರೆ ಕಟ್ಟಿತ್ತು.
ಒದ್ದೆ ಬಟ್ಟೆ ತಾ ಅಂದೆ, ಸೊಲೆಮಾನನಿಗೆ.
ತುಕ್ಕು ಹಿಡಿದರೆ ನನ್ನ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ.