ಕಿವಿಯ ತುದಿಯ ಹನಿ

ಬೆಳಗಿನ ಐದಕ್ಕೆ ಮೂರು ಸಲ ಫೋನು, ಮುಬೀನಾಳದು.
"ಸೂಜಿ ತನ್ನಿ ಚಂಪಕಕ್ಕ, ಪಟ್ಟಿ ನನ್ನ ಹತ್ತಿರ ಇದೆ."
ಒಂದು ಪಟ್ಟಿಗೆ ಇನ್ನೂರು ಚಿಲ್ಲರೆ. ಬೆವರು ಬೆರೆತರೆ ಹಾಳು.

ಶಿಡ್ಲಘಟ್ಟದಲ್ಲಿ ಇಪ್ಪತ್ತೆರಡು ವರ್ಷ ರಕ್ತ ತೆಗೆದಿದ್ದೇನೆ:
ಡೆಂಗಿ, ಸಕ್ಕರೆ, ಬಸುರಿಯರ ಹಿಮೋಗ್ಲೋಬಿನ್.
ಎಲ್ಲರೂ ಕೂತು ಕೊಟ್ಟವರು, ಮುಖ ಅತ್ತ ತಿರುಗಿಸಿ.
ಏದುಸಿರು ಬಿಡುತ್ತಲೇ ಕಿವಿ ಚಾಚಿದವಳು
ಇವಳೊಬ್ಬಳೇ.

ಅವರಪ್ಪನ ರೇಷ್ಮೆ ಕಾರ್ಖಾನೆಯ ಹಿಂದಿನ ಕೋಣೆ.
ಗೂಡಿನ ಮೂಟೆ, ಒರಗಿಸಿಟ್ಟ ಹಳೆ ಚಂದ್ರಿಕೆ,
ಬೆಂದ ಹುಳುವಿನ ವಾಸನೆ,
ನಡುವೆ ಒಂದು ದೋಣಿ. ಅಂದರೆ ದೋಣಿಯಲ್ಲ:
ಹಳಿ, ಜಾರುವ ಪೀಠ, ಸರಪಳಿ, ಗಾಳಿಚಕ್ರ.
ಪುಣೆಯಿಂದ ಸೆಕೆಂಡ್ ಹ್ಯಾಂಡು,
ಈರುಳ್ಳಿ ಲಾರಿಯಲ್ಲಿ ಬಂದಿಳಿದದ್ದು.
ಗೋಡೆಯಾಚೆ ರಾಟೆಗಳು ನೂಲು ಸುತ್ತುತ್ತವೆ,
ಈಚೆ ಇವಳು ಎಳೆಯುತ್ತಾಳೆ ಇಲ್ಲದ ನೀರನ್ನು.

ತೋಳಿನ ಕೆಲಸ ಅಂದುಕೊಂಡಿದ್ದೆ ನಾನು.
"ಕೈ ಬರೀ ಕೊಕ್ಕೆ ಅಕ್ಕ. ತಳ್ಳೋದು ತೊಡೆ,
ಆಮೇಲೆ ಬೆನ್ನು, ಕೊನೆಗೆ ಮೊಣಕೈ,"
ಎಂದು ನನ್ನ ಕೈಯನ್ನೇ ತನ್ನ ತೊಡೆಯ ಮೇಲಿಟ್ಟಳು.
ಬಿಸಿಲಿಗೆ ಕಾದ ಚಪ್ಪಡಿ.

ಕಳೆದ ವಾರ ಇವಳ ಇಸಿಜಿ ನೋಡಿ
ಹೊಸ ಡಾಕ್ಟರು ಕುರ್ಚಿಯಿಂದ ಎದ್ದಿದ್ದರು.
ನಿಮಿಷಕ್ಕೆ ನಲವತ್ತನಾಲ್ಕು!
"ಕಾಯಿಲೆಯಲ್ಲ ಸರ್, ಹೃದಯ ದೊಡ್ಡದಾಗಿದೆ,
ಒಂದೇ ಬಡಿತಕ್ಕೆ ತುಂಬಾ ರಕ್ತ ಹೊರುತ್ತೆ,"
ಎಂದಳಂತೆ, ಚಪ್ಪಲಿ ಹಾಕಿಕೊಳ್ಳುತ್ತ.

ನಾಲ್ಕು ನಿಮಿಷ ಎಳೆತ, ಅರ್ಧ ನಿಮಿಷ ನಿಲುಗಡೆ,
ಒರೆಸು, ಚುಚ್ಚು, ಮೊದಲ ಹನಿ ಬಿಡು, ಎರಡನೆಯದು ಹಿಡಿ.
ಒಂದು ಪಾಯಿಂಟ್ ಮೂರು.
ಒಂದು ಪಾಯಿಂಟ್ ಆರು.
ಎರಡು. ಮೂರು ಪಾಯಿಂಟ್ ಒಂಬತ್ತು.
"ಹೊಸ್ತಿಲು ಇಲ್ಲೇ ಎಲ್ಲೋ," ಅಂದಳು.
ಇದರಾಚೆ ಹುಳಿ ಬಳಕೆಗಿಂತ ಬೇಗ ಹುಟ್ಟುತ್ತದೆ.

ಲ್ಯಾಕ್ಟೇಟು! ಹಾಲಿನಿಂದ ಬಂದ ಹೆಸರು.
ನಮ್ಮಜ್ಜಿ ಬೆರಳ ತುದಿಯ ಹೆಪ್ಪು ತೊಟ್ಟಿಕ್ಕಿಸಿ
ಗಡಿಗೆಗೆ ಬಟ್ಟೆ ಕಟ್ಟಿಡುತ್ತಿದ್ದಳು, ರಾತ್ರಿಯಿಡೀ.
ಇವಳ ಮಾಂಸಕ್ಕೆ ಅಷ್ಟು ಹೊತ್ತು ಬೇಡ.
ವಿಷವೇನೋ ಅಂದುಕೊಂಡರೆ, ಅದೂ ಅಲ್ಲ,
ಹೃದಯ ಅದನ್ನೇ ಉರಿಸಿಕೊಂಡು ಓಡುತ್ತದಂತೆ.

ಕೊನೆಗೆ ಪೂರ್ತಿ ಎರಡು ಸಾವಿರ ಮೀಟರು.
ಮೊದಲ ಐನೂರು ಸಾಲದ ದುಡ್ಡು,
ಉಸಿರು ಬರುವ ಮುಂಚೆಯೇ ಖರ್ಚು.
ಎರಡನೆಯದು ಲೆಕ್ಕಾಚಾರ.
ಮೂರನೆಯದರಲ್ಲಿ ಯಾರೂ ಇರಲಿಲ್ಲ ಕೋಣೆಯಲ್ಲಿ,
ಅವಳೂ ಇರಲಿಲ್ಲ.
ಮಡಿಚಿದ ಮೊಣಕಾಲು ಹೊಟ್ಟೆಯನ್ನೊತ್ತಿ
ವಪೆಗೆ ಇಳಿಯಲು ಜಾಗವಿಲ್ಲ,
ಬಿಚ್ಚಿದಾಗಷ್ಟೇ ಗಾಳಿ, ಒಂದು ಗುಟುಕು,
ಮತ್ತೆ ಮಡಿಕೆ. ತುಟಿ ಬೂದಿಬಣ್ಣ.
ನಿಲ್ಲಿಸು ಎನ್ನಲು ಬಾಯಿ ತೆರೆದೆ,
ಹೇಳಲಿಲ್ಲ. ಯಾಕೆಂದು ಈಗಲೂ ಗೊತ್ತಿಲ್ಲ.

ಏಳು ನಿಮಿಷ ಮೂವತ್ತೆಂಟು ಸೆಕೆಂಡು.
ಹಳಿಯಿಂದ ಜಾರಿ ಮೂಟೆಗಳ ಮೇಲೆ ಬಿದ್ದಳು,
ಬಕೆಟ್ಟಿಗೆ ಕಕ್ಕಿದಳು, ಕಿವಿ ಚಾಚಿದಳು.
ಹದಿನಾಲ್ಕು ಪಾಯಿಂಟ್ ಎಂಟು.
ನಾನು ಡಬ್ಬಿ ಮುಚ್ಚುತ್ತಿದ್ದೆ.
"ಇನ್ನೊಂದು, ಅಕ್ಕ. ಐದನೇ ನಿಮಿಷಕ್ಕೆ.
ನಿಲ್ಲಿಸಿದ ಮೇಲೂ ಏರುತ್ತೆ ಅದು."
ಏರಿತ್ತು. ಹದಿನಾರು ಪಾಯಿಂಟ್ ಒಂದು.

ಬಾಗಿಲಲ್ಲಿ ಇಮ್ದಾದ್ ಸಾಬರು,
ಬಿಸಿನೀರಲ್ಲಿ ನೆನೆದು ನೆರಿಗೆಗಟ್ಟಿದ ಬೆರಳು.
ಅವರ ಸಕ್ಕರೆಯ ಚೀಟಿ ತಿಂಗಳಿಗೊಮ್ಮೆ ಬರೆಯುವವಳು ನಾನೇ,
ಮಿತಿ ಮೀರಿದ್ದಕ್ಕೆ ಕೆಂಪು ಚುಕ್ಕಿ ಇಟ್ಟು.
"ಜಾಸ್ತಿನಾ ಮೇಡಂ, ಕಮ್ಮಿನಾ?"

ಚೀಟಿ ನೋಡಿದೆ. ಎರಡು ಸಾಲು ಅಂಕಿ, ಒಂದು ಸಮಯ.
ನಾರ್ಮಲ್ ಎಂದು ಬರೆಯುವ ಜಾಗವನ್ನು
ಗೆರೆ ಎಳೆಯುವಾಗಲೇ ಬಿಟ್ಟಿದ್ದಳು ಹುಡುಗಿ.
ಕೆಂಪು ಪೆನ್ನು ಜೇಬಿಗೆ ಹಾಕಿಕೊಂಡೆ.
"ರಾಗಿ ಗಂಜಿ ಇದ್ದರೆ ಕೊಡಿ," ಅಂದೆ,
"ಇಬ್ಬರಿಗೂ."